ಸೂರ್ಯನ ಸೂಲಗಿತ್ತಿ

ಪೆಟ್ಟಿಗೆಯಲ್ಲಿ ಹನ್ನೆರಡು ಗಾಜಿನ ಚಿತ್ರಗಳಿದ್ದವು. ಒಂದೊಂದೂ ಅಂಗೈಯಗಲ, ಅಂಚಿಗೆ ಕಪ್ಪು ಕಾಗದ, ಮೂಲೆಯಲ್ಲಿ ಬಿಳಿ ಶಾಯಿಯ ಅಂಕಿ. ಮೊದಲ ಮೂರರಲ್ಲಿ ಚಂದ್ರ, ಶನಿ, ಧೂಮಕೇತು. ನಾಲ್ಕರಿಂದ ಹನ್ನೊಂದರವರೆಗೆ ನಕ್ಷತ್ರದ ಹುಟ್ಟು. ಹನ್ನೆರಡನೆಯದು ರಾಷ್ಟ್ರಧ್ವಜ, ಅದು ಪರದೆಯ ಮೇಲೆ ಬಂದರೆ ಸಭೆ ಮುಗಿಯಿತು, ಎಲ್ಲರೂ ಏಳಬೇಕು ಎಂದು ಅರ್ಥ. ಅರವತ್ತನಾಲ್ಕರ ಜನವರಿಯಿಂದ ಮಾರ್ಚ್ ಕೊನೆಯವರೆಗೆ ನಾನು ಈ ಪೆಟ್ಟಿಗೆಯನ್ನು ಹೊತ್ತು ಭಟ್ಕಳ, ಕುಮಟಾ, ಹೊನ್ನಾವರ ತಾಲೂಕುಗಳ ಊರುಗಳಲ್ಲಿ ತಿರುಗಿದೆ. ಮಲೇರಿಯ, ಸಿಡುಬು, ಕೋಳಿ ಸಾಕಣೆಯ ಪೆಟ್ಟಿಗೆಗಳು ಬೇರೆಯವರ ಹೆಗಲಿಗೆ ಹೋಗಿದ್ದವು. ಆಕಾಶದ ಪೆಟ್ಟಿಗೆ ಹೊಸದು, ನೋಡೋಣವೆಂದು ಬಂದದ್ದು. ಅದನ್ನು ಹೊರುವವನೂ ಹಾಗೆಯೇ, ಮೂರು ತಿಂಗಳ ತಾತ್ಕಾಲಿಕ ನೇಮಕದವನು. ಮಾರ್ಚ್‌ನಲ್ಲಿ ನಮ್ಮ ಸರ್ಕಾರಿ ಪ್ರಚಾರ ಕಚೇರಿಯಿಂದ ಅಧಿಕಾರಿಯೊಬ್ಬರು ಬಂದು ಒಂದು ಸಭೆ ನೋಡಿ, ಜನರಿಗೆ ಪ್ರಶ್ನೆ ಕೇಳಿ, ಪೆಟ್ಟಿಗೆಯೂ ನಾನೂ ಮುಂದುವರಿಯಬೇಕೇ ಬೇಡವೇ ಎಂದು ಬರೆಯುವವರಿದ್ದರು.

ನನ್ನ ಜೊತೆಗಿದ್ದವರು ಒಬ್ಬರೇ, ದೀಪದ ಮೇಸ್ತ್ರಿ. ಭಟ್ಕಳದವರು, ಐವತ್ತು ದಾಟಿದವರು. ಮನೆಯಲ್ಲಿ ನವಾಯತಿ, ಪೇಟೆಯಲ್ಲಿ ಉರ್ದು, ನನ್ನೊಡನೆ ಕನ್ನಡ. ಗಾಜಿನ ಚಿತ್ರವನ್ನು ಪರದೆಗೆ ಬೀಳಿಸುವ ಮ್ಯಾಜಿಕ್ ಲ್ಯಾಂಟರ್ನ್ ಅವರ ಸೈಕಲ್ಲಿನ ಹಿಂದೆ, ಗಾಜಿನ ಪೆಟ್ಟಿಗೆ ನನ್ನ ತಲೆಯ ಮೇಲೆ. ನಮ್ಮ ಕೆಲಸದ ಕ್ರಮ ಎಲ್ಲ ಊರಿನಲ್ಲೂ ಒಂದೇ. ಮಧ್ಯಾಹ್ನ ಊರು ಸೇರುವುದು. ಶಾಲೆಯ ಗೋಡೆಗೋ ಎರಡು ತೆಂಗಿನ ಮರಗಳ ನಡುವೆಯೋ ಬಿಳಿ ಬಟ್ಟೆ ಕಟ್ಟುವುದು. ಬಟ್ಟೆಗೆ ಬಾವಿ ನೀರು ಚಿಮುಕಿಸಿ ಸುಕ್ಕು ತೆಗೆಯುವುದು. ಗ್ಯಾಸ್‌ಬತ್ತಿಗೆ ಸೀಮೆಎಣ್ಣೆ ತುಂಬಿ, ಗಾಳಿ ಹೊಡೆದು, ಮ್ಯಾಂಟಲ್ ಬೆಳ್ಳಗೆ ಉರಿಯತೊಡಗಿದ ಮೇಲೆ ಅದನ್ನು ತಗಡಿನ ಡಬ್ಬಿಯೊಳಗೆ ಇಳಿಸುವುದು. ಕತ್ತಲಾಗುತ್ತಲೇ ಒಂದನೆಯ ಚಿತ್ರ. ಒಂದು ಗಾಜನ್ನು ದೀಪದ ಮುಂದೆ ಅರವತ್ತು ಎಣಿಸುವುದಕ್ಕಿಂತ ಹೆಚ್ಚು ಹೊತ್ತು ಇಡಬಾರದು. ಗಾಜಿನ ಮೇಲಿನ ಲೇಪ ಕರಾವಳಿಯ ತೇವಕ್ಕೆ ಮೊದಲೇ ಮೆತ್ತಗಾಗಿರುತ್ತದೆ, ಬಿಸಿ ತಗಲಿದರೆ ಗುಳ್ಳೆಯೇಳುತ್ತದೆ. ನಾನು ಮಾತಾಡುತ್ತಿದ್ದಾಗ ಮೇಸ್ತ್ರಿ ಮನಸ್ಸಿನಲ್ಲೇ ಎಣಿಸುತ್ತಿದ್ದರು. ಐವತ್ತು ದಾಟಿದರೆ ಒಂದು ಸಲ ಕೆಮ್ಮುತ್ತಿದ್ದರು.

ಹೇಳಬೇಕಾದ ಮಾತು ಪೆಟ್ಟಿಗೆಯ ಜೊತೆಗೇ ಬಂದಿತ್ತು, ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳಲ್ಲಿ. ಯಾರು ಬರೆದದ್ದೋ ತಿಳಿಯದು. ಭಾಷೆ ಸೊಗಸಾಗಿತ್ತು. ಆಕಾಶದಲ್ಲಿ ತಣ್ಣಗಿನ ಅನಿಲ ಮತ್ತು ಧೂಳಿನ ದೊಡ್ಡ ಮೋಡಗಳಿವೆ. ಅವು ಊಹೆಗೂ ನಿಲುಕದಷ್ಟು ಅಗಲ, ನಮ್ಮ ಉಸಿರಿನ ಗಾಳಿಗಿಂತ ಎಷ್ಟೋ ತೆಳ್ಳಗೆ. ಅಂಥ ಮೋಡದೊಳಗೆ ನಕ್ಷತ್ರ ಹುಟ್ಟುತ್ತದೆ. ಹೇಗೆ? "ಸಮುದ್ರದ ನೀರು ಆಗರದಲ್ಲಿ ಒಣಗಿ ಉಪ್ಪಿನ ಹರಳಾಗುವಂತೆ." ಸಭೆಯ ಕೊನೆಯಲ್ಲಿ ಕೇಳಬೇಕಾದ ಮೂರು ಪ್ರಶ್ನೆಗಳೂ ಉತ್ತರಗಳೂ ಹಾಳೆಯಲ್ಲಿದ್ದವು. ಮೂರನೆಯ ಪ್ರಶ್ನೆ: ನಕ್ಷತ್ರ ಯಾವುದರಂತೆ ಹುಟ್ಟುತ್ತದೆ? ಉತ್ತರ: ಉಪ್ಪಿನಂತೆ. ಎಷ್ಟು ಜನ ಸರಿ ಹೇಳಿದರೆಂದು ನಾನು ಗೀಟು ಹಾಕಿಕೊಳ್ಳಬೇಕು.

ಮೊದಲು ಭಟ್ಕಳದ ಕಡೆ ಹೋದೆವು. ಮುಟ್ಟಳ್ಳಿಯಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲೇ ಸಭೆ ಕೂಡಿತು. ಶನಿಯ ಬಳೆ ನೋಡಿ ಹೆಂಗಸರು ಖುಷಿಪಟ್ಟರು. ಮೋಡದ ಚಿತ್ರ ಬಂದಾಗ ನಾನು ಉಪ್ಪಿನ ಮಾತು ಹೇಳಿದೆ. ಮುಂದೆ ಕೂತಿದ್ದ ರೈತರೊಬ್ಬರು ಬಾಯಿಂದ ಎಲೆಯಡಿಕೆ ತೆಗೆದರು.

"ಮಾಸ್ತರೆ, ಉಪ್ಪು ಹರಳಾಗೂದು ಕುಮಟೆ ಬದಿಗೆ. ನಮ್ಗೆ ಅದು ಅಂಗಡಿಯಲ್ಲಿ ಹರಳಾಗಿಯೇ ಬತ್ತದೆ. ಭತ್ತದ ಮಾತು ಹೇಳಿ, ತಿಳೀತದೆ."

ಆ ದಿನ ಮೂರನೆಯ ಪ್ರಶ್ನೆಗೆ ಬಿದ್ದ ಗೀಟು ನಾಲ್ಕು. ಅದರಲ್ಲಿ ಎರಡು ಶಾಲೆಯ ಮಾಸ್ತರರದೂ ಅವರ ಹೆಂಡತಿಯದೂ. ಭಟ್ಕಳದ ಉಳಿದ ಊರುಗಳಲ್ಲೂ ಲೆಕ್ಕ ಅಷ್ಟಕ್ಕಷ್ಟೇ. ನನ್ನ ಗಂಟಲು ಕೆಟ್ಟಿತ್ತು. ಶಾಲೆಯ ಬೆಂಚು ಜೋಡಿಸಿ ಮಲಗಿ ಮಲಗಿ ಬೆನ್ನು ಒಂದು ಹದಕ್ಕೆ ಬರುತ್ತಿರಲಿಲ್ಲ.

"ಬೇಜಾರು ಎಂತಕ್ಕೆ ಮಾಸ್ತರೆ?" ಎಂದರು ಮೇಸ್ತ್ರಿ. "ಕಾಗಾಲದ ಬದಿಗೆ ಹೋಗುವಾ. ಅಲ್ಲಿ ಆಗರದವ್ರು ತಾಯಿ ಹೊಟ್ಟೆಯಲ್ಲೇ ಉಪ್ಪು ಕಲ್ತು ಬಂದವ್ರು. ನಿಮ್ಮ ಹಾಳೆ ಬರೆದ ಪುಣ್ಯಾತ್ಮ ಅವ್ರಿಗೇ ಬರೆದದ್ದು."

ಫೆಬ್ರವರಿಯ ಎರಡನೆಯ ವಾರ ಕುಮಟಾ ತಾಲೂಕಿನ ಕಾಗಾಲದಾಚೆಯ ಉಪ್ಪಿನಾಗರ ಮುಟ್ಟಿದೆವು. ಹಿನ್ನೀರಿನ ಬದಿಗೆ ಚೌಕ ಚೌಕ ಪಾತಿಗಳು, ಪಾತಿಗಳ ನಡುವೆ ಕಾಲಿಗೆ ಕಚ್ಚುವ ಕೆಸರಿನ ಬದು. ಉಪ್ಪು ಎಳೆಯುವ ಕಾಲ. ಜನ ಹಗಲೆಲ್ಲ ಬಿಸಿಲಲ್ಲಿ ನಿಂತು ದಣಿದಿದ್ದರೂ ಕತ್ತಲಾಗುವ ಮೊದಲೇ ಬಂದು ಕೂತರು. ಆ ಸಂಜೆ ಎಲ್ಲವೂ ಸರಿಯಾಗಿ ಸಾಗಿತು. ಆರನೆಯ ಚಿತ್ರ ಹಾಕಿಸಿದೆ. ಪೆಟ್ಟಿಗೆಯ ಜೀವವೇ ಆ ಚಿತ್ರ: ಸಾಲಾಗಿ ನಿಂತ ಮೂರು ನಕ್ಷತ್ರಗಳ ಕೆಳಗೆ, ಮಹಾವ್ಯಾಧನ ಕತ್ತಿಯ ನಡುವೆ ಇರುವ ದೊಡ್ಡ ಮೋಡ. ದೂರದರ್ಶಕದಲ್ಲಿ ಅದು ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಕಾಣುತ್ತದೆ. ಉಪ್ಪಿನ ಮಾತು ಹೇಳಿದೆ. ಸಭೆಯಲ್ಲಿ ಒಮ್ಮೆಲೇ ಗುಜುಗುಜು ಎದ್ದಿತು. ತಮ್ಮ ಕೆಲಸವೇ ಆಕಾಶದಲ್ಲೂ ನಡೆಯುತ್ತದೆ ಎಂದರೆ ಯಾರಿಗೆ ಹಿಗ್ಗಾಗದು?

ಹೆಂಗಸರ ಸಾಲಿನಿಂದ ಒಬ್ಬಳು ಎದ್ದು ನಿಂತಳು. ನಲವತ್ತರ ಆಸುಪಾಸು. ಉಪ್ಪು ನೀರಿಗೆ ಬಿರಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಮಾಸ್ತರೆ, ಒಂದು ಕೇಳ್ಲಾ? ಉಪ್ಪು ಹರಳಾಗ್ಬೇಕಾದ್ರೆ ಬಿಸ್ಲು ಬೇಕು. ಮೋಡ ಬಂದ ದಿನ ನಮ್ಗೆ ಕೆಲ್ಸವೇ ಇಲ್ಲ. ನಕ್ಷತ್ರ ಹರಳಾಗ್ಲಿಕ್ಕೆ ಬಿಸ್ಲು ಎಲ್ಲಿಂದ ಬರೂದು?"

"ಬೇರೆ ಸೂರ್ಯಗಳಿರುತ್ತವೆ," ಎಂದೆ, ಯೋಚಿಸದೆ.

"ಆತು. ಆ ಸೂರ್ಯನ್ನ ಒಣಗ್ಸಿದ್ದು ಯಾರು? ಎಲ್ಲಕ್ಕಿಂತ ಮೊದ್ಲು ಒಬ್ಬ ಸೂರ್ಯ ಹುಟ್ಟಿರ್ಬೇಕಲ್ಲ, ಅಂವ ಯಾರ ಬಿಸ್ಲಲ್ಲಿ ಹುಟ್ಟಿದ?"

ನಾನು ಹಾಳೆಗಳನ್ನು ತಿರುವಿ ತಿರುವಿ ಹುಡುಕಿದೆ. ಹಾಳೆಯಲ್ಲಿ ಅದಕ್ಕೆ ಮಾತಿರಲಿಲ್ಲ. ಮೇಸ್ತ್ರಿ ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. ಗಾಜನ್ನು ತೆಗೆಯಿರಿ ಎಂದು ನಾನು ಹೇಳಬೇಕಾಗಿತ್ತು, ಹೇಳದೆ ಅವರು ತೆಗೆಯುವ ರೂಢಿ ಇರಲಿಲ್ಲ. ಆ ಹೊತ್ತಿಗೆ ಪರದೆಯ ಮೇಲಿನ ಮೋಡದ ನಟ್ಟನಡುವೆ ಸಣ್ಣದೊಂದು ಬಿಳಿ ಚುಕ್ಕೆ ಕಾಣಿಸಿತು. ನೋಡುತ್ತಿದ್ದಂತೆ ಅದು ದುಂಡಗೆ ಉಬ್ಬಿತು, ಹೊಳೆಯಿತು, ಹಕ್ಕಿಯ ರೆಕ್ಕೆಗಳನ್ನು ನುಂಗುತ್ತ ಅಂಚಿನವರೆಗೆ ಹರಡಿತು. ಲೇಪ ಕರಗಿ ಹರಿದಿತ್ತು.

"ಹುಟ್ತು! ಹುಟ್ತು!" ಎಂದು ಗಂಡಸರ ಸಾಲಿನಿಂದ ಒಬ್ಬ ಕೂಗಿದ. ಅವನು ಆ ಹೆಂಗಸಿನ ಮೈದುನನಂತೆ. "ಅತ್ತಿಗೆ ನಿಂತದ್ದೇ ಸೈ, ಸೂರ್ಯ ಹುಟ್ಟೇ ಬಿಟ್ಟ! ಇವ್ಳು ಸೂರ್ಯನ ಸೂಲಗಿತ್ತಿ ಮಾರಾಯ್ರೆ!"

ಸಭೆಗೆ ಸಭೆಯೇ ನಕ್ಕಿತು. ನನಗೂ ನಗು ಬಂದಿತ್ತು. ಅವಳ ಪಕ್ಕದವಳು ಸೆರಗು ಜಗ್ಗಿ, "ಬಾಯ್ಮುಚ್ಚಿ ಕೂತ್ಕೊಳ್ಳೆ," ಎಂದಳು. ಅವಳು ಕೂತಳು. ಧ್ವಜದ ಚಿತ್ರ ಬರುವ ಮೊದಲು ನಾನು ಮೂರು ಪ್ರಶ್ನೆ ಕೇಳಿದೆ. ಮೂರನೆಯದಕ್ಕೆ ಅವಳೊಬ್ಬಳನ್ನು ಬಿಟ್ಟು ಎಲ್ಲರೂ ಒಂದೇ ಕೊರಳಿನಲ್ಲಿ "ಉಪ್ಪಿನ ಹಾಂಗೆ" ಎಂದರು. ಆ ತನಕ ಯಾವ ಊರಿನಲ್ಲೂ ಬೀಳದಷ್ಟು ಗೀಟು ಅಲ್ಲಿ ಬಿದ್ದವು.

ರಾತ್ರಿ ಗಾಜನ್ನು ಒರೆಸುತ್ತ ಮೇಸ್ತ್ರಿ ಹೇಳಿದರು: "ಆರು ನಂಬ್ರ ಹೋಯ್ತು. ಇನ್ನು ಇದು ಮುಖ ನೋಡ್ಲಿಕ್ಕೂ ಆಗೂದಿಲ್ಲ."

ಗಾಜಿಗಿಂತ ಅವಳ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು. ಕಾಲೇಜಿನಿಂದ ತಂದಿದ್ದ ಒಂದು ಇಂಗ್ಲಿಷ್ ಪುಸ್ತಕ ನನ್ನ ಟ್ರಂಕಿನಲ್ಲಿತ್ತು. ಅದನ್ನು ಮತ್ತೆ ನಿಧಾನವಾಗಿ ಓದಿದೆ. ಉಪ್ಪಿನ ಮಾತು ಬರೀ ಸಾಲದೆಂದಲ್ಲ, ತಲೆಕೆಳಗಾಗಿತ್ತು. ಉಪ್ಪಿಗೆ ಬಿಸಿ ಹೊರಗಿನಿಂದ ಬರಬೇಕು. ನಕ್ಷತ್ರಕ್ಕೆ ಹೊರಗಿನ ಬಿಸಿ ಬೇಡ. ಮೋಡ ಆದಷ್ಟು ತಣ್ಣಗಿದ್ದರೇ ಒಳ್ಳೆಯದು. ಮೋಡದ ಒಂದೊಂದು ಕಣವೂ ಉಳಿದ ಎಲ್ಲ ಕಣಗಳನ್ನು ತನ್ನತ್ತ ಸೆಳೆಯುತ್ತದೆ. ಇಡೀ ಮೋಡ ತನ್ನ ಭಾರಕ್ಕೆ ತಾನೇ ಒಳಗೆ ಕುಸಿಯುತ್ತದೆ. ಕುಸಿದು ಕಿರಿದಾದಷ್ಟೂ ಬಿಸಿಯಾಗುತ್ತದೆ. ನಡುವಿನ ಬಿಸಿ ಒಂದು ಮಿತಿ ದಾಟಿದಾಗ ಅಲ್ಲಿಯ ಜಲಜನಕ ಉರಿಯತೊಡಗುತ್ತದೆ. ಈ ಉರಿ ನಮ್ಮ ಒಲೆಯ ಉರಿಯಂಥದಲ್ಲ, ಕಣಕ್ಕೆ ಕಣ ಬೆಸೆಯುವ ಉರಿ. ಮೊದಲ ಸೂರ್ಯನಿಗೂ ಇನ್ನೊಬ್ಬ ಸೂರ್ಯ ಬೇಕಿರಲಿಲ್ಲ.

ಕಚೇರಿಗೆ ಎರಡು ವಿಷಯ ಬರೆದೆ. ಆರನೆಯ ಚಿತ್ರ ಹಾಳಾಗಿದೆ, ಬದಲಿ ಕಳಿಸಬೇಕು. ಉಪ್ಪಿನ ಉದಾಹರಣೆ ಸರಿಯಿಲ್ಲ, ತೆಗೆಯಬೇಕು. ಎರಡು ವಾರದ ಮೇಲೆ ಉತ್ತರ ಬಂತು. ಬದಲಿ ಚಿತ್ರ ಸದ್ಯಕ್ಕಿಲ್ಲ. ಉಪನ್ಯಾಸವನ್ನು ಕಳಿಸಿದ ಪಾಠದಂತೆಯೇ ನಡೆಸತಕ್ಕದ್ದು. ಪರಿಶೀಲನೆ ಮಾರ್ಚ್ ಇಪ್ಪತ್ತರ ಸುಮಾರಿಗೆ, ಮಾವಿನಕುರ್ವೆಯಲ್ಲಿ.

ಮಾವಿನಕುರ್ವೆ ಎಂದರೆ ಹೊನ್ನಾವರದ ಹತ್ತಿರ ಶರಾವತಿ ಸಮುದ್ರ ಸೇರುವಲ್ಲಿ ಇರುವ ನಡುಗಡ್ಡೆ. ಪರಿಶೀಲನೆಗೆ ಹತ್ತು ದಿನ ಮೊದಲೇ ಹೋಗಿ ಉಳಿದೆವು. ಮೂರು ದಿನ ಜ್ವರ ಬಂದು ಮಲಗಿದೆ. ಎದ್ದ ಮೇಲೆ ಉಪ್ಪಿಗೆ ಬದಲು ಏನು ಹೇಳಲೆಂದು ಒಂದೊಂದೇ ಪ್ರಯತ್ನ ಮಾಡಿದೆ. ಮೊದಲು ಬೋಗುಣಿಯ ನೀರಿನಲ್ಲಿ ಮರದ ಹೊಟ್ಟು ಕದಡಿ ನೋಡಿದೆ. ಹೊಟ್ಟು ನಡುವೆ ಸೇರಿತೇನೋ ನಿಜ, ಆದರೆ ಅದನ್ನು ಸೇರಿಸಿದ್ದು ನನ್ನ ಕೈಯ ತಿರುವು. ಹಿಟ್ಟು ಜರಡಿ ಹಿಡಿದೆ. ಅದು ಕೆಳಗೆ ಬಿತ್ತು, ಒಳಗೆ ಬೀಳಲಿಲ್ಲ.

ಜ್ವರದಿಂದ ಎದ್ದ ಎರಡನೆಯ ಬೆಳಿಗ್ಗೆ ದೋಣಿಯಲ್ಲಿ ಸಮುದ್ರದ ದಂಡೆಗೆ ಹೋಗಿ ಕೂತೆ. ರಂಪಣಿ ಬಲೆ ಎಳೆಯುತ್ತಿದ್ದರು. ದೋಣಿಯವರು ಬಲೆಯನ್ನು ಸಮುದ್ರದಲ್ಲಿ ದೊಡ್ಡ ಕಮಾನಾಗಿ ಬಿಟ್ಟು ಬರುತ್ತಾರೆ. ಅದರ ಎರಡು ತುದಿಯ ಹಗ್ಗ ದಂಡೆಯಲ್ಲಿ ಎರಡು ಗುಂಪಿನ ಕೈಯಲ್ಲಿ. ಹಿಮ್ಮಡಿಯನ್ನು ಮರಳಿಗೆ ಊರಿ, ಮೈ ಹಿಂದಕ್ಕೆ ವಾಲಿಸಿ, ಒಂದು ಕೂಗಿಗೆ ಒಂದು ಹೆಜ್ಜೆಯಂತೆ ಹಿಂದೆ ಹಿಂದೆ ನಡೆಯುತ್ತ ಎಳೆಯುತ್ತಾರೆ. ಬಲೆ ಕಿರಿದಾದಂತೆ, ಎಲ್ಲೋ ಒಂದೊಂದಿದ್ದ ಮೀನು ಒತ್ತೊತ್ತಾಗಿ, ನೀರು ಕುದಿದಂತೆ ಮಿಂಚತೊಡಗುತ್ತದೆ. ನನಗೆ ಬೇಕಾದದ್ದು ಇದೇ ಅನ್ನಿಸಿತು. ಮರುಕ್ಷಣ ಆಗರದ ಹೆಂಗಸು ಎದ್ದು ನಿಂತಂತಾಯಿತು: ಬಲೆಯನ್ನು ಎಳೆಯುವವರು ದಂಡೆಯಲ್ಲಿದ್ದಾರೆ. ಮೋಡವನ್ನು ಎಳೆಯುವವರು ಯಾರು?

ಬಲೆ ಎಳೆಯುವವರ ಮುಖ್ಯಸ್ಥ ತಾಂಡೇಲ. ಮೈಯೆಲ್ಲ ಬಿಸಿಲಿಗೆ ಕಪ್ಪಾದ ದೊಡ್ಡ ಆಳು. ಅವರಿಗೆ ನನ್ನ ತೊಡಕು ಹೇಳಿದೆ. ಹಗ್ಗಗಳನ್ನು ಒಂದು ಕಬ್ಬಿಣದ ಬಳೆಗೆ ಸುತ್ತಲೂ ಕಟ್ಟಿ, ಒಂದೊಂದು ಹಗ್ಗದ ತುದಿಯನ್ನು ಒಬ್ಬೊಬ್ಬರು ಹಿಡಿದು ಸುತ್ತ ನಿಲ್ಲಬೇಕು. ಬಳೆಯನ್ನು ಯಾವ ಗೂಟಕ್ಕೂ ಕಟ್ಟುವುದಿಲ್ಲ. ಎಲ್ಲರೂ ಹಗ್ಗ ಎಳೆದಾಗ ಎಲ್ಲರೂ ನಡುವಿಗೆ ಬರಬೇಕು ಎಂದು ವಿವರಿಸಿದೆ.

"ಇಷ್ಟೇಯಾ?" ಎಂದರು. "ಎಳೂದು ಒಂದು ನಮ್ಗೆ ಹೇಳ್ಕೊಡೂದು ಬೇಡ."

ಸಂಜೆ ಹದಿನಾರು ಮಂದಿ ಸುತ್ತ ನಿಂತರು. ನಾನು "ಎಳೆಯಿರಿ" ಎಂದೆ. ತಾಂಡೇಲ ಕೂಗು ಹಾಕಿದರು. ಹದಿನಾರು ಜೋಡಿ ಹಿಮ್ಮಡಿ ಮರಳಿಗೆ ಊರಿದವು, ಹದಿನಾರು ಬೆನ್ನು ಹಿಂದಕ್ಕೆ ವಾಲಿದವು. ಹಗ್ಗಗಳು ಬಿಗಿದು ಬಳೆ ಮರಳಿನಿಂದ ಮೇಲೆದ್ದು ಗಾಳಿಯಲ್ಲಿ ನಿಂತಿತು. ಯಾರೂ ಒಂದು ಗೇಣು ಅಲುಗಲಿಲ್ಲ. ಕೂಗಿನ ಮೇಲೆ ಕೂಗು ಬಿತ್ತು, ಹಗ್ಗ ಕಿರುಗುಟ್ಟಿತು, ತೋಳಿನ ನರ ಉಬ್ಬಿದವು. ನಕ್ಷತ್ರ ಮಾತ್ರ ಹುಟ್ಟಲಿಲ್ಲ.

"ಹಿಂದೆ ಅಲ್ಲ, ಮುಂದೆ ಬನ್ನಿ!" ಎಂದು ನಾನು ಕೂಗಿದೆ.

"ಮುಂದೆ ಹೋಗಿ ಎಳೂದಾ?" ತಾಂಡೇಲರು ಹಗ್ಗ ಬಿಡದೆಯೇ ತಿರುಗಿ ನೋಡಿದರು. "ನಮ್ಮಲ್ಲಿ ಹಗ್ಗ ಹಿಡ್ದು ಮುಂದೆ ಹೋದವ ಇಷ್ಟು ವರ್ಷಕ್ಕೆ ಒಬ್ನೇ ಮಾಸ್ತರೆ. ಅಂವ ಕುಡ್ದಿದ್ದ."

ಮತ್ತೆ ಮಾಡಿಸಿದೆ. ಹೂಂ ಎಂದವರು, ಕೂಗು ಬಿದ್ದದ್ದೇ, ಮತ್ತೆ ಹಿಂದಕ್ಕೇ ವಾಲಿದರು. ಅವರ ತಲೆ ಒಪ್ಪಿದರೂ ಹಿಮ್ಮಡಿ ಒಪ್ಪುತ್ತಿರಲಿಲ್ಲ. ಮೂರನೆಯ ಸಲವೂ ಹಾಗೇ ಆದಾಗ ನಾನು ಸೋತು ಮರಳಿನ ಮೇಲೆ ಕೂತುಬಿಟ್ಟೆ. ಜ್ವರ ಬಿಟ್ಟ ಮೈ. ಕೂತು ನೋಡುತ್ತಿದ್ದೆ. ಬಳೆ ಹಾಗೇ ಗಾಳಿಯಲ್ಲಿ ನಡುಗುತ್ತಿತ್ತು. ಕೈಗಳೆಲ್ಲ ಒಳಗೆ ಎಳೆಯುತ್ತಿವೆ, ಹಿಮ್ಮಡಿಗಳೆಲ್ಲ ಹೊರಗೆ ಒತ್ತುತ್ತಿವೆ. ಅಷ್ಟು ಬಲ ತುಂಬಿದ್ದರೂ ನೋಡುವವರಿಗೆ ಏನೂ ನಡೆಯುತ್ತಿಲ್ಲ.

ಪುಸ್ತಕದಲ್ಲಿ ಎರಡು ಸಲ ಓದಿ ದಾಟಿಹೋಗಿದ್ದ ಒಂದು ಪುಟ ಆಗ ನೆನಪಾಯಿತು. ಮೋಡಗಳು ಯಾಕೆ ಎಲ್ಲವೂ ಒಟ್ಟಿಗೆ ನಕ್ಷತ್ರವಾಗಿ ಮುಗಿದುಹೋಗಿಲ್ಲ? ಮೋಡದ ಕಣಗಳು ಸುಮ್ಮನೆ ನಿಂತಿರುವುದಿಲ್ಲ. ಅವು ಅತ್ತಿತ್ತ ಓಡುತ್ತಿರುತ್ತವೆ, ಆ ಓಟ ಮೋಡವನ್ನು ಹೊರಗೆ ಒತ್ತುತ್ತದೆ. ಸೆಳೆತ ಒಳಗೆ, ಒತ್ತಡ ಹೊರಗೆ. ಎರಡೂ ಸರಿಸಮ ಇರುವ ತನಕ ಮೋಡ ಎಷ್ಟೋ ಕಾಲ ಹಾಗೇ ತೇಲುತ್ತಿರುತ್ತದೆ. ಎಲ್ಲೋ ಒಂದೆಡೆ ಒತ್ತಡ ಸಾಲದೆ ಹೋದಾಗ ಅಲ್ಲಿಂದ ಕುಸಿತ ಶುರುವಾಗುತ್ತದೆ.

ಎದ್ದು ನಿಂತೆ. "ತಾಂಡೇಲರೇ, ನೀವು ಮಾಡುತ್ತಿರುವುದೇ ಸರಿ. ಹಾಗೇ ಎಳೆಯುತ್ತಿರಿ. ನಾನು ಹೇಳಿದಾಗ ಹಿಮ್ಮಡಿ ಮಾತ್ರ ಎತ್ತಿ. ಕೈ ಸಡಿಲ ಬಿಡಬೇಡಿ."

"ಹಿಮ್ಮಡಿ ಎತ್ತಿದ್ರೆ ಬೀಳ್ತೇವೆ."

"ಬೀಳಬೇಕು."

ಕೂಗು ಹಾಕಿದೆ. ಹದಿನಾರು ಆಳುಗಳು ಒಬ್ಬರ ಮೇಲೊಬ್ಬರು ನಡುವಿಗೆ ಬಂದು ಬಡಿದು, ಹಗ್ಗಗಳ ನಡುವೆ ಸಿಕ್ಕಿ, ಬೈದುಕೊಂಡು ನಕ್ಕರು. ರಾಶಿಯಡಿಯಿಂದ ಯಾರದೋ ದನಿ ಬಂತು: "ನನ್ನ ಮೀಸೆ ಬಿಡ್ರಾ!" ಬೆವರಿನ ಬಿಸಿ ಉಸಿರು ದೂರ ನಿಂತ ನನಗೂ ತಟ್ಟಿತು.

"ಹೊರಗಿನಿಂದ ನಿಮ್ಮನ್ನು ಯಾರಾದರೂ ದೂಡಿದರೇ?" ಎಂದು ಕೇಳಿದೆ.

ತಾಂಡೇಲರು ಮರಳು ಕೊಡವಿಕೊಂಡು ಸುತ್ತ ನೋಡಿದರು. "ಯಾರೂ ಇಲ್ಲ. ನಮ್ಮನ್ನ ನಾವೇ ಎಳ್ದುಕೊಂಡ್ವು."

ಅದೇ ವಾರ ಮೇಸ್ತ್ರಿ ಮ್ಯಾಂಟಲ್ ತರಲು ಕುಮಟೆಗೆ ಹೋಗಿ ಬಂದರು. ಸಂತೆಯಲ್ಲಿ ಆಗರದವರೊಬ್ಬರು ಸಿಕ್ಕಿದ್ದರಂತೆ. "ಆ ಹೆಂಗಸಿಗೆ ಹೆಸ್ರೇ ಬಿದ್ದುಹೋಗಿದೆ ಮಾಸ್ತರೆ, ಸೂರ್ಯನ ಸೂಲಗಿತ್ತಿ ಅಂತ. ಪಾತಿಗೆ ಇಳಿದ್ರೆ ಸಾಕು, ಇವತ್ತು ಎಷ್ಟು ಹೆರಿಗೆ ಮಾಡ್ಸಿದ್ಯೆ ಅಂತ ಕೇಳೂದು. ಗಂಡನೂ ಬೈದನಂತೆ, ಸಭೆಯಲ್ಲಿ ಮಾತಾಡಿ ಮರ್ಯಾದೆ ತೆಗೆದೆ ಅಂತ. ಈಗ ಭಜನೆಗೂ ಬರೂದಿಲ್ಲಂತೆ."

ಆ ಸಂಜೆ ನಾನೂ ನಕ್ಕವರ ಪೈಕಿ.

ಪರಿಶೀಲನೆಯ ದಿನ ಅಧಿಕಾರಿಗಳು ದೋಣಿಯಿಂದ ಇಳಿಯುವಾಗ ಷರಾಯಿ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಬೆಳಗಿನಿಂದ ಅದು ಅವರ ಮೂರನೆಯ ಊರು. ಒಳ್ಳೆಯ ಮನುಷ್ಯ, ನನ್ನಷ್ಟೇ ದಣಿದಿದ್ದರು. ಕುರ್ಚಿಯಲ್ಲಿ ಕೂತು ಚಪ್ಪಲಿ ಕಳಚಿದರು. ನಾನು ನಾಲ್ಕು, ಐದನೆಯ ಚಿತ್ರ ತೋರಿಸಿದೆ. ಆರನೆಯದರ ಹೊತ್ತಿಗೆ ದೀಪಕ್ಕೆ ಮುಚ್ಚಳ ಹಾಕಿಸಿ ಎಲ್ಲರಿಗೂ ತಲೆಯೆತ್ತಲು ಹೇಳಿದೆ. ಸಾಲಾಗಿ ನಿಂತ ಮೂರು ನಕ್ಷತ್ರ ಪಡುವಣಕ್ಕೆ ವಾಲಿದ್ದವು. ಅವುಗಳ ಕೆಳಗೆ ಮಸುಕಾಗಿ ಕಾಣುವ ಚುಕ್ಕೆ, ಅದೇ ಮೋಡ, ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ ಎಂದೆ. ಆಮೇಲೆ ದೀಪದ ಮುಚ್ಚಳ ತೆಗೆಸಿ, ಆ ಬೆಳಕಿನಲ್ಲಿ ಹಗ್ಗದ ಕೆಲಸ ಮಾಡಿಸಿದೆ. ಹಗ್ಗ ಬಿಗಿದು ಬಳೆ ನಿಂತಾಗ ಬಹಳ ಹೊತ್ತು ಹಾಗೇ ನಿಲ್ಲಿಸಿದೆ. ಹೆಂಗಸರು, "ಎಂತ ಮಾಡ್ತೀರಾ, ಎಳೀರಾ!" ಎಂದು ಛೇಡಿಸಿದರು. ಆಮೇಲೆ ಹಿಮ್ಮಡಿ ಎತ್ತಿಸಿದೆ. ಆಕಾಶದಲ್ಲಿ ಹಗ್ಗವಿಲ್ಲ, ಬಳೆಯೂ ಇಲ್ಲ, ನನ್ನ ಹೋಲಿಕೆ ಇಲ್ಲಿಗೆ ನಿಂತಿತು ಎಂದೂ ಹೇಳಿದೆ.

ಅಧಿಕಾರಿಗಳು ಹಾಳೆ ತೆಗೆದು ಪ್ರಶ್ನೆ ಕೇಳಿದರು. ನಕ್ಷತ್ರ ಯಾತರಿಂದ ಆಗುತ್ತದೆ? "ಧೂಳು, ಗಾಳಿಯಂತದ್ದು," ಎಂದರು ಹಲವರು. ಸೂರ್ಯ ನಕ್ಷತ್ರವೇ? "ಹೌದು." ನಕ್ಷತ್ರ ಯಾವುದರಂತೆ ಹುಟ್ಟುತ್ತದೆ?

"ನಮ್ಮ ಹಾಂಗೆ, ಸಾಯೇಬ್ರೆ," ಎಂದರು ತಾಂಡೇಲರು. "ಎಲ್ಲ ಎಲ್ಲರ್ನೂ ಎಳೂದು. ಹಿಮ್ಮಡಿ ಗಟ್ಟಿ ಇದ್ದಷ್ಟು ದಿನ ಎಂತ ಆಗೂದಿಲ್ಲ. ಸೋತ್ತೋ, ಆತು, ಹುಟ್ತು."

ಅಧಿಕಾರಿಗಳು ಪೆನ್ನು ಹಿಡಿದು ಕೂತರು. ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದ್ದು ಹೀಗೆ: "ಇಲ್ಲಿ ಉಪ್ಪು ಅಂತ ಇದೆಯಲ್ಲ. ಉಪ್ಪು ಅಂತ ಒಬ್ಬರೂ ಹೇಳಲಿಲ್ಲ. ನಾನು ಹಾಳೆಯ ಪ್ರಕಾರ ಸೊನ್ನೆ ಹಾಕಬೇಕಾಗ್ತದೆ. ನೀವು ಈಗ ಒಂದು ಮಾತು ಉಪ್ಪಿನದೂ ಹೇಳಿಬಿಡಿ. ನಾನು ಮತ್ತೊಮ್ಮೆ ಕೇಳ್ತೇನೆ. ಇಷ್ಟು ಜನ ಕೂತಿದ್ದಾರೆ, ನಿಮಗೂ ಒಳ್ಳೆಯದು."

ಒಂದೇ ವಾಕ್ಯದ ಕೆಲಸ. ಅವರು ನನಗೆ ಕೆಡುಕು ಬಗೆದವರಲ್ಲ. ನನಗಂತೂ ಆ ಹೊತ್ತಿಗೆ ಎಲ್ಲಿಯಾದರೂ ಮಲಗಿದರೆ ಸಾಕಾಗಿತ್ತು. ಉಪ್ಪು ಎಂದು ಹೇಳಿಸಿದರೆ ಈ ಜನ ಹೇಳುತ್ತಿದ್ದರು, ಕಾಗಾಲದವರು ಹೇಳಿದಂತೆಯೇ. ಅಲ್ಲಿ ಸರಿಯಾದದ್ದನ್ನು ಕೇಳಿದವಳೊಬ್ಬಳೇ ಬಾಯಿ ಮುಚ್ಚಿ ಕೂತಿದ್ದಳು. ಉಳಿದವರ ಹೆಸರಿಗೆಲ್ಲ ನಾನು ಗೀಟು ಹಾಕಿದ್ದೆ.

"ಉಪ್ಪಿನ ಮಾತು ತಪ್ಪು ಸರ್," ಎಂದೆ. "ಇವರು ಹೇಳಿದ್ದೇ ಸರಿ."

"ಹಾಗೆ ನಾನು ಬರೆಯುವಂತಿಲ್ಲ. ನನಗೆ ಕೊಟ್ಟದ್ದು ಈ ಹಾಳೆ."

"ಸೊನ್ನೆ ಹಾಕಿ."

ಅವರು ನನ್ನ ಮುಖ ನೋಡಿದರು, ಸೊನ್ನೆ ಹಾಕಿದರು. ಏಳುವಾಗ ಮರಳಲ್ಲಿ ಬಿದ್ದಿದ್ದ ಹಗ್ಗದ ಒಂದು ತುದಿಯನ್ನು ಎತ್ತಿ, ಸುಮ್ಮನೆ ಒಮ್ಮೆ ಎಳೆದು ನೋಡಿ ಬಿಟ್ಟರು. ಮೇಸ್ತ್ರಿ ಧ್ವಜ ಹಾಕಿದರು. ಎಲ್ಲರೂ ಎದ್ದು ನಿಂತೆವು.

ಆದೇಶ ಬರಲು ಹೆಚ್ಚು ದಿನ ಬೇಕಾಗಲಿಲ್ಲ. ಆಕಾಶದ ಪೆಟ್ಟಿಗೆಯನ್ನು ಮಾರ್ಚ್ ಮೂವತ್ತೊಂದರೊಳಗೆ ಕುಮಟೆಯಲ್ಲಿ ಒಪ್ಪಿಸತಕ್ಕದ್ದು. ನನ್ನ ನೇಮಕವೂ ಅಂದಿಗೇ ಮುಗಿಯುವುದು. ಮೇಸ್ತ್ರಿಯನ್ನು ಕೋಳಿ ಸಾಕಣೆಯ ಪೆಟ್ಟಿಗೆಗೆ ಹಾಕಿದ್ದರು.

ಕುಮಟೆಗೆ ಹೋಗುವ ದಾರಿ ಬಿಟ್ಟು ಕಾಗಾಲದತ್ತ ತಿರುಗೋಣ ಎಂದಾಗ ಮೇಸ್ತ್ರಿ ಯಾಕೆ ಎಂದು ಕೇಳಲಿಲ್ಲ. "ಸೈಕಲ್ಲಿಗೆ ಗಾಳಿ ಹೊಡೀಬೇಕು, ತಡೀರಿ," ಎಂದರು. ಪಂಪನ್ನು ಒತ್ತಿ ಒತ್ತಿ ಗಾಳಿ ತುಂಬಿದ ಮೇಲೆ ಅದರ ಬುಡ ಮುಟ್ಟಿ ಕೈ ಹಿಂತೆಗೆದುಕೊಂಡರು. ಪ್ರತಿದಿನ ನೋಡುತ್ತಿದ್ದ ವಸ್ತು. ಅವರ ಕೈಯಿಂದ ಪಂಪು ಇಸಿದುಕೊಂಡು ನಾನೂ ಮುಟ್ಟಿ ನೋಡಿದೆ. ದಾರಿಯುದ್ದಕ್ಕೂ ಅದನ್ನು ನಾನೇ ಹಿಡಿದುಕೊಂಡೆ.

ಆಗರದಲ್ಲಿ ನಡು ಹಗಲು. ಬೆಳಕು ಪಾತಿಗಳಿಂದ ಪುಟಿದು ಕಣ್ಣಿಗೆ ಚುಚ್ಚುತ್ತಿತ್ತು. ಅವಳು ಉಪ್ಪು ಎಳೆಯುತ್ತಿದ್ದಳು. ನನ್ನನ್ನು ಕಂಡು ಬೇರೆ ಕಡೆ ತಿರುಗಿದಳು. ಬದುವಿನ ಮೇಲೆ ನಿಂತು, "ಅಕ್ಕಾ, ಅವತ್ತಿನ ಪ್ರಶ್ನೆಗೆ ಉತ್ತರ ತಂದಿದ್ದೇನೆ," ಎಂದೆ.

"ಯಾವ ಪ್ರಶ್ನೆ? ನಂಗೆ ನೆನ್ಪಿಲ್ಲ," ಎಂದಳು. ಕೈ ನಿಲ್ಲಿಸಲಿಲ್ಲ.

"ಮೊದಲ ಸೂರ್ಯ ಯಾರ ಬಿಸಿಲಲ್ಲಿ ಹುಟ್ಟಿದ ಎಂದು ಕೇಳಿದ್ದೆ ನೀನು."

ಹತ್ತಿರದ ಪಾತಿಯಲ್ಲಿ ಯಾರೋ ಕಿಸಕ್ಕೆಂದರು. ಅವಳ ಮೈದುನ ಅಲ್ಲೇ ಬುಟ್ಟಿ ಹೊರುತ್ತಿದ್ದ. "ಬಂತು ಕಾಣಿ, ಹೆರಿಗೆಗೆ ಕರೆ!" ಎಂದ.

"ಬಿಸಿಲಲ್ಲಿ ಬೇಡ," ಎಂದೆ. "ನೆರಳಿಗೆ ಬನ್ನಿ, ಎಲ್ಲರೂ. ಬಿಸಿಲು ಬೀಳದ ಕಡೆಯೇ ನೋಡಬೇಕು."

ಉಪ್ಪು ರಾಶಿ ಹಾಕಲು ಸೋಗೆ ಹೊದಿಸಿದ ಒಂದು ಮಾಡು ಇತ್ತು. ಒಳಗೆ ತಂಪು, ಮಬ್ಬು. ಏಳೆಂಟು ಮಂದಿ ಸೇರಿದರು. ಪಂಪು ತಣ್ಣಗಿದೆ ಎಂದು ಎಲ್ಲರಿಗೂ ಮುಟ್ಟಿಸಿ ತೋರಿಸಿದೆ. ಮೇಸ್ತ್ರಿ ಗಾಳಿ ಬರುವ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ನಾನು ಹಿಡಿಕೆ ಒತ್ತತೊಡಗಿದೆ. ಒಳಗೆ ಇದ್ದದ್ದು ಬರೀ ಗಾಳಿ. ಹೊರಗಿನಿಂದ ಬೆಂಕಿಯಿಲ್ಲ, ಬಿಸಿಲಿಲ್ಲ. ಒತ್ತಿ ಒತ್ತಿ ನನ್ನ ತೋಳು ಸೋತ ಮೇಲೆ ಅವಳಿಗೆ ಪಂಪಿನ ಬುಡ ಮುಟ್ಟಲು ಹೇಳಿದೆ.

ಅವಳು ಬಿರಿದ ಬೆರಳುಗಳನ್ನು ಅದರ ಸುತ್ತ ಇಟ್ಟಳು. ತೆಗೆಯಲಿಲ್ಲ.

"ಬಿಸಿ," ಎಂದಳು.

"ಇಕ್ಕಟ್ಟಾದರೆ ಬಿಸಿಯಾಗುತ್ತದೆ. ಇಲ್ಲಿ ನಾನು ಒತ್ತಿದೆ. ಅಲ್ಲಿ ಒತ್ತುವವರು ಯಾರೂ ಇಲ್ಲ, ಮೋಡ ತನ್ನ ಭಾರಕ್ಕೆ ತಾನೇ ಒತ್ತಿಕೊಳ್ಳುತ್ತದೆ. ಬಿಸಿ ಒಳಗಿನದೇ. ಅದಕ್ಕೆ ಇನ್ನೊಬ್ಬ ಸೂರ್ಯ ಬೇಡ. ಉಪ್ಪಿನ ಹಾಗೆ ಎಂದು ನಾನು ಓದಿ ಹೇಳಿದ್ದು ತಪ್ಪು."

ಅವಳು ಪಂಪಿನಿಂದ ಬೆರಳು ತೆಗೆದು ತಲೆಯೆತ್ತಿದಳು. "ಹಾಂಗಾರೆ ನಾ ಕೇಳಿದ್ದು ಸರಿ ಇತ್ತು."

"ಸರಿ ಇತ್ತು. ಇಷ್ಟು ಊರು ತಿರುಗಿದೆ. ಅದನ್ನು ಕೇಳಿದವಳು ನೀನೊಬ್ಬಳೇ."

ಅವಳು ಪಕ್ಕದವಳ ಕಡೆ ತಿರುಗಿದಳು. "ಕೇಳಿದ್ಯೇನೆ? ಬಾಯ್ಮುಚ್ಚು ಅಂದಿದ್ಯಲ್ಲ."

"ನಮ್ಗೂ ಸಂಶಯ ಇತ್ತೆ," ಎಂದಳು ಪಕ್ಕದವಳು. "ಪಾಪ, ಮಾಸ್ತರು ಅಷ್ಟು ದೂರದಿಂದ ಹೊತ್ಕಂಡು ಬಂದವ್ರು, ಬೇಜಾರಾಗ್ಬಾರ್ದು ಅಂತ ಎಲ್ರೂ ಉಪ್ಪು ಉಪ್ಪು ಅಂದ್ವು."

ಮೇಸ್ತ್ರಿ ಕೆಮ್ಮಿದರು. ಗಾಜು ಇರಲಿಲ್ಲ, ನಗು ತಡೆಯಲು ಕೆಮ್ಮಿದ್ದು.

ಮೈದುನ ಹೊರಗೆ ಜಾರುವುದರಲ್ಲಿದ್ದ. ಅವಳು ಅವನ ಮಣಿಕಟ್ಟು ಹಿಡಿದು ಎಳೆದು ತಂದಳು. ಮೇಸ್ತ್ರಿಗೆ, "ಇನ್ನೊಂದ್ಸಲ ಬಾಯಿ ಒತ್ತಿ ಹಿಡೀರಿ," ಎಂದು ಹೇಳಿ ಪಂಪಿನ ಹಿಡಿಕೆಯನ್ನು ನನ್ನ ಕೈಯಿಂದ ತಾನೇ ತೆಗೆದುಕೊಂಡಳು. ಉಪ್ಪು ಎಳೆದ ತೋಳು, ನನ್ನದಕ್ಕಿಂತ ಗಟ್ಟಿ. ಸರಸರನೆ ಒತ್ತಿದಳು. ಆಮೇಲೆ ಅವನ ಅಂಗೈಯನ್ನು ಪಂಪಿನ ಬುಡಕ್ಕೆ ಒತ್ತಿ ಹಿಡಿದಳು. ಅವನು "ಅಯ್ಯಬ್ಬಾ" ಎಂದು ಕೈ ಕೊಸರಿಕೊಂಡ.

"ಎಂತದಾ," ಎಂದಳು, "ಹುಟ್ತಾ?"